ಮೂಲೆ ಕೋಣೆಯ ಚಿಲಕ

ಭಾನುವಾರ, ಸಂಜೆ

ನನ್ನ ಚಿನಕುರುಳಿಗೆ,

ಅಮ್ಮನ ಆಶೀರ್ವಾದಗಳು. ಕಾಗದ ತಡವಾಯಿತು, ಮುನಿಸಿಕೊಳ್ಳಬೇಡ. ಫೋನಿನಲ್ಲಿ ಏನು ಕೇಳಿದರೂ ನೀನು 'ಹೂಂ' ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಓದಲು ಪರದೇಶಕ್ಕೆ ಹೋದೆ, ಪರದೇಶವೆಲ್ಲ ನನ್ನ ಹಾಸ್ಟೆಲಿಗೆ ಬಂತು! ಈ ವರ್ಷ ಇಸ್ತ್ರಿ ಕೋಣೆಯಲ್ಲೂ ಮಂಚ ಹಾಕಿದ್ದೇವೆ. 'ಬರೋ ವರ್ಷ ಇದರ ಎರಡರಷ್ಟು ಜನ ಬರ್ತಾರೆ' ಎಂದು ಪ್ರಿನ್ಸಿಪಾಲರು ಹಿರಿಹಿರಿ ಹಿಗ್ಗುತ್ತಿದ್ದಾರೆ. ವಾರ್ಡನ್ ಮಾತ್ರ ನಾನೊಬ್ಬಳೇ. ಬೆಳಿಗ್ಗೆ ಬಾಗಿಲು ಬಾಗಿಲು ತಟ್ಟುತ್ತೇನೆ, ಒಳಗಿನಿಂದ 'ಹೂಂ' ಬಂದರೆ ಮುಂದಿನ ಬಾಗಿಲಿಗೆ ಹೋಗುತ್ತೇನೆ. ಮುಖ ನೋಡಲು ಪುರುಸೊತ್ತೆಲ್ಲಿ?

ಮೂಲೆ ಕೋಣೆಯ ಹುಡುಗಿಯೂ ದಿನಾ ಹೂಂ ಅನ್ನುತ್ತಿದ್ದಳು. ಹೋದ ವಾರ ಅವಳ ತಾಯಿ ಫೋನ್ ಮಾಡಿ, ಹರಕುಮುರುಕು ಇಂಗ್ಲಿಷಿನಲ್ಲಿ ಮಗಳು ಹೇಗಿದ್ದಾಳೆಂದು ಕೇಳಿದರು. 'ಚೆನ್ನಾಗಿದ್ದಾಳೆ, ಹೊತ್ತು ಹೊತ್ತಿಗೆ ಊಟ ಮಾಡ್ತಾಳೆ, ಯೋಚ್ನೆ ಮಾಡ್ಬೇಡಿ' ಎಂದೆ. ಎಲ್ಲ ತಾಯಂದಿರಿಗೂ ಹೇಳಿ ಹೇಳಿ ಅದು ಬಾಯಿಪಾಠವಾಗಿದೆ.

ಮರುದಿನ ಹೂಂ ಬರಲಿಲ್ಲ. ಎಷ್ಟು ಬಡಿದರೂ ಚಿಲಕ ಅಲುಗಲಿಲ್ಲ. ಬಡಗಿಯನ್ನು ಕರೆಸಿ ಕೀಳಿಸಿದೆ. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ತೆರೆದೇ ಇತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಮೇಜಿನ ಮೇಲಿನ ಬ್ರೆಡ್ಡು ಬೂಷ್ಟು ಹಿಡಿದಿತ್ತು. ಬಡಗಿಯೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ.

'ಎಷ್ಟು ದಿನದಿಂದ ಊಟ ಬಿಟ್ಟಿದ್ದಾಳೆ ಈ ಹುಡುಗಿ?' ಎಂದು ಡಾಕ್ಟರು ಕೇಳಿದರು. ನಾನು ಅವಳ ಮುಖ ನೋಡಿಯೇ ಎಷ್ಟೋ ದಿನವಾಗಿತ್ತು. ಕಿಕ್ಕಿರಿದ ತರಗತಿಯಲ್ಲೂ ಅವಳಿಲ್ಲದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಚ್ಚರವಾದಾಗ ಅವಳು ಅಂದದ್ದಿಷ್ಟು: 'ಪಾಠ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ ಆಂಟಿ. ಅಮ್ಮಂಗೆ ಹೇಗೆ ಹೇಳ್ಲಿ?'

ಈಗ ಎರಡು ತುತ್ತು ತಿನ್ನುತ್ತಿದ್ದಾಳೆ. ನೀನೂ ತಿನ್ನು ಕಂದಾ. ನೂರು ಕಾಲ ನಗುನಗುತ್ತಾ ಬಾಳು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ನಿನ್ನ ಹಾಸ್ಟೆಲಿಗೆ ಫೋನ್ ಮಾಡಿದ್ದೆ. ಅಲ್ಲಿಯ ವಾರ್ಡನ್ ಒಂದೇ ಉಸಿರಿಗೆ, 'ಚೆನ್ನಾಗಿದ್ದಾಳೆ, ಊಟ ಮಾಡ್ತಾಳೆ, ಯೋಚನೆ ಬೇಡ' ಎಂದರು. ಆ ದನಿ ನನ್ನದೇ ಕಣೇ. ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ನೀನೀಗ ಓದುತ್ತಿರುವ ಊರಿನವಳೇ ಆದ ನಮ್ಮ ಹಾಸ್ಟೆಲಿನ ಒಬ್ಬ ಹುಡುಗಿ ನಾಳೆ ರಜೆಗೆ ಮನೆಗೆ ಹೊರಟಿದ್ದಾಳೆ. ಇದನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. 'ಒಳಗಿಂದ ಬರೀ ಹೂಂ ಅಂದ್ರೆ ವಾಪಸ್ ಬರ್ಬೇಡ, ಮುಖ ನೋಡಿಯೇ ಕೊಡು' ಎಂದಿದ್ದೇನೆ. ಇದನ್ನು ಓದುತ್ತಿದ್ದೀಯೆಂದರೆ ಬಾಗಿಲು ತೆಗೆದಿದ್ದೀಯ. ಮತ್ತೆ ಚಿಲಕ ಹಾಕಬೇಡ ಮಗಳೇ. ಅವಳು ಅಲ್ಲೇ ನಿಂತಿದ್ದಾಳೆ.