ಪಟದ ಗಾಜಿನ ಮೇಲಿನ ಹೆಬ್ಬೆಟ್ಟು

ರಾವಂದೂರು
9-2-1956, ಗುರುವಾರ

ತಮ್ಮ ಷಣ್ಮುಖಪ್ಪನಿಗೆ,

ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿದವಳ ಕೈಲಿ ಕಾಗದ ಬರೆಸ್ತಾ ಇದೀಯಲ್ಲ, ನಿನಗೆ ಏನನ್ನಬೇಕು? ಯಾವಾಗಲೂ ಬರೆದುಕೊಡೋ ಗೋವಿಂದಯ್ಯ ಮೇಷ್ಟರಿಗೆ ಈ ಸಲ ಹೇಳೋ ಹಾಗಿಲ್ಲ. ಅಕ್ಷರ ಸೊಟ್ಟಗಿದ್ದರೆ ಹಂಗೇ ಓದಿಕೋ. ಮೈ ಹೇಗಿದೆ? ಮಡಿಕೇರಿ ಚಳಿಗೆ ಕೆಮ್ಮು ಜಾಸ್ತಿ ಆಯಿತಾ? ನನ್ನ ಮಂಡಿನೋವು ಇದ್ದಲ್ಲೇ ಇದೆ.

ಅವ್ವ ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ ಕಳುವಾಗಿದೆ. ಸೋಮವಾರ ಪೂಜೆಗೆ ಅಂತ ಹಿತ್ತಾಳೆ ಪೆಟ್ಟಿಗೆ ತೆಗೆದರೆ ಇಲ್ಲ. ಬೀಗ ಒಡೆದಿಲ್ಲ. ಬೀಗದ ಕೈ ಅಪ್ಪಯ್ಯನ ಪಟದ ಹಿಂದೆ ಮೊಳೆಯಲ್ಲೇ ನೇತಾಡ್ತಿತ್ತು. ಕಳ್ಳ ಮುಟ್ಟಿದ್ದು ಅಂತ ನಾನು ಪೆಟ್ಟಿಗೆ, ಗಿಂಡಿ, ದೀಪದ ಕಂಬ ಎಲ್ಲಾ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿಟ್ಟೆ. ಮಾರನೇ ದಿನ ಬಂದ ಇನ್ಸ್‌ಪೆಕ್ಟರು ತಲೆ ಚಚ್ಚಿಕೊಂಡ. “ಕಳ್ಳನ ಗುರುತನ್ನೆಲ್ಲ ತೊಳೆದು ಚರಂಡಿಗೆ ಬಿಟ್ಟಿದ್ದೀರಲ್ಲ ತಾಯಿ!” ಅಂದ. “ದೇವರ ಸಾಮಾನು ಮೈಲಿಗೇಲಿ ಇಟ್ಟುಕೊಂಡು ನಿಮ್ಮ ದಾರಿ ಕಾಯಬೇಕಿತ್ತಾ?” ಅಂದೆ. ಆಳು ಕರಿಯನನ್ನು ಎಳಕೊಂಡು ಹೋದ.

ನಿನ್ನೆ ಮೈಸೂರಿಂದ ಬೆರಳಚ್ಚಿನವನು ಬಂದ. ಬ್ಯಾಟರಿ ಓರೆ ಹಿಡಿದು ನಾನು ತೊಳೆಯದೆ ಬಿಟ್ಟಿದ್ದನ್ನೇ ಹುಡುಕಿದ. ಅಪ್ಪಯ್ಯನ ಪಟದ ಗಾಜಿಗೆ ಅಳಿಲು ಬಾಲದಂಥ ಕುಂಚದಲ್ಲಿ ಬೂದು ಪುಡಿ ಸವರಿದ. ವಿಭೂತಿ ಬಳಿಯೋಕೆ ನೀನ್ಯಾರಯ್ಯ ಅಂತ ಗದರಿದೆ. “ಬೆರಳಿನ ಬೆವರು ಅಂಟಿರುತ್ತೆ ತಾಯಿ, ಪುಡಿ ಅದನ್ನ ಹಿಡ್ಕೊಳುತ್ತೆ” ಅಂದ. ಉಳಿದ ಪುಡಿ ಕೊಡವಿದ. ಏನೂ ಇಲ್ಲದ ಗಾಜಿನ ಮೇಲೆ ಒಂದು ಹೆಬ್ಬೆಟ್ಟು ಗೆರೆಗೆರೆಯಾಗಿ ಎದ್ದು ಬಂತು ಕಣೋ! ಅದರ ಫೋಟೋ ಹಿಡಿದ. ಆಮೇಲೆ ಕರಿಯನನ್ನೂ ಠಾಣೆಯಿಂದ ಕರೆತಂದು ನಮ್ಮೆಲ್ಲರ ಹತ್ತೂ ಬೆರಳಿಗೆ ಮಸಿ. ರುಜು ಹಾಕೋ ನನಗೇ ಹೆಬ್ಬೆಟ್ಟು ಒತ್ತಿಸಿದ! ಭೂತಗನ್ನಡಿ ಇಟ್ಟು ನೋಡಿದರೆ ಅದು ನನ್ನದಲ್ಲ, ಕರಿಯನದಲ್ಲ, ಅವನ ಹೆಂಡತಿ ಕೆಂಚಿದೂ ಅಲ್ಲ. ಗೆರೆಗಳ ನಡುವೆ ಅಡ್ಡಕ್ಕೆ ಒಂದು ಹಳೇ ಗಾಯದ ಗುರುತು.

ಆದರೂ ಇನ್ಸ್‌ಪೆಕ್ಟರು ಕರಿಯನನ್ನು ಬಿಟ್ಟಿಲ್ಲ. ಕಾಡಂಚಿನ ಹಾಡಿಯವನು, ಜೊತೆಗೆ ಇನ್ನೊಬ್ಬನನ್ನು ಕರಕೊಂಡು ಬಂದಿರಬೇಕು, ಆ ಹೆಬ್ಬೆಟ್ಟಿನವನು ಸಿಗೋ ತನಕ ಇಲ್ಲೇ ಇರಲಿ ಅಂತಾನೆ. ಕೆಂಚಿ ಎರಡು ದಿನದಿಂದ ಜಗಲಿ ಕೆಳಗೆ ಕೂತವಳು ತುತ್ತು ಮುಟ್ಟಿಲ್ಲ. ಬೀಗದ ಕೈ ಎಲ್ಲಿರುತ್ತೆ ಅಂತ ಅವರಿಬ್ಬರಿಗೂ ನಾನು ಯಾವತ್ತೂ ತೋರಿಸಿದವಳಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪಯ್ಯ ಅವ್ವ ನಿನ್ನ ಮೇಲೆ ಒಂದು ಕಣ್ಣಿಟ್ಟಿರಲಿ.

ನಿನ್ನ ಅಕ್ಕ,
ಶಿವರುದ್ರಮ್ಮ

ಮತ್ತೆ: ಬಲಗೈ ಹೆಬ್ಬೆಟ್ಟು ಕುಯ್ದುಕೊಂಡವರು ಯಾರಾದರೂ ಗೊತ್ತಾ ಅಂತ ಕೇಳಿದರು. ಇಲ್ಲ ಅಂದೆ. ಏಳು ವರ್ಷದವನಿದ್ದಾಗ ನನ್ನ ಕುಡುಗೋಲು ಕಿತ್ಕೊಂಡು ಕುಯ್ದುಕೊಂಡೆಯಲ್ಲ, ಆ ಗಾಯಕ್ಕೆ ಅರಿಶಿನ ಕಟ್ಟಿದವಳೇ ಇಲ್ಲ ಅಂದೆ. ಶನಿವಾರ ಬಂದವನು ಭಾನುವಾರ ಮೊದಲ ಬಸ್ಸಿಗೆ ಉಣ್ಣದೆ ಓಡಿದ್ದನ್ನೂ ಹೇಳಲಿಲ್ಲ. ಕರಿಯನಿಗೆ ಅದು ಗೊತ್ತು. ನಿನ್ನ ಚೀಲ ಬಸ್ಸಿನವರೆಗೆ ಹೊತ್ತವನೇ ಅವನು. ನನ್ನ ಮುಖ ನೋಡಿದ, ಸುಮ್ಮನಾದ. ಕರಡಿಗೆ ತಗೊಂಡು ಬತ್ತೀಯೋ ಇಲ್ಲವೋ, ಬುಧವಾರ ಹದಿನೈದನೇ ತಾರೀಕಿನೊಳಗೆ ಉತ್ತರ ನನ್ನ ಕೈಗೆ ಸೇರಬೇಕು. ಗುರುವಾರ ನಾನೇ ಠಾಣೆಗೆ ಹೋಗ್ತೀನಿ.