ಎಡಗಡೆಯ ಹೂವು

ಶ್ರೀ

ತ್ರಿಪ್ಲಿಕೇನ್, ಚೆನ್ನೈ
ಸೋಮವಾರ, 12 ಮೇ 2025

ಪ್ರೀತಿಯ ಜಲಜಕ್ಕಾ,

ನಿನ್ನ ತಂಗಿ ಜಾನಕಿಯ ನಮಸ್ಕಾರ. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಬಾಟಲಿಯನ್ನು ಕಪಾಟಿನಲ್ಲಿಟ್ಟು ದರ್ಶನ ಮಾಡುತ್ತಿದ್ದೀಯೋ? ಭಾವನವರ ಸಕ್ಕರೆ ಹತೋಟಿಯಲ್ಲಿದೆ ತಾನೆ? ಫೋನ್ ಮಾಡಿದರೆ ನೀನು ಎಲ್ಲದಕ್ಕೂ ‘ಹಾಂ, ಹಾಂ’ ಅನ್ನುತ್ತೀ, ಒಂದೂ ಕೇಳಿಸಿರುವುದಿಲ್ಲ. ಹೋದ ತಿಂಗಳು ನನ್ನ ಹೃದಯದ ವಾಲ್ವ್ ಕೆಟ್ಟಿದೆಯಂತೆ ಎಂದರೆ ‘ಒಳ್ಳೇದಾಯ್ತು ಬಿಡು’ ಅಂದೆ. ಅದಕ್ಕೇ ಈ ಕಾಗದ.

ಆಪರೇಷನ್ ಮಾಡಿಸಲೇಬೇಕು, ತಡಮಾಡಬಾರದು ಎಂದರು ಡಾಕ್ಟರಮ್ಮ. ನಮ್ಮವರೂ ಮಗ ಗುರುಚರಣನೂ ಆಗಲೇ ತಲೆಯಾಡಿಸಿದರು. ಎದೆ ಅವರದಲ್ಲವಲ್ಲ. ನಾನು ಮಾತ್ರ ‘ರಾಯರನ್ನು ಕೇಳದೆ ಆಗದು’ ಎಂದೆ. ನಮ್ಮಮ್ಮ ಕೇಳುತ್ತಿದ್ದ ಹಾಗೆಯೇ, ಮಡಿಯುಟ್ಟು, ರಾಯರ ಪಟದ ಎರಡು ಭುಜಗಳ ಮೇಲೂ ಒಂದೊಂದು ಸೇವಂತಿಗೆ ಇಟ್ಟು ಕುಳಿತೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಮೂರು ದಿನ ಕೇಳಿದೆ. ಮೂರು ದಿನವೂ ಎಡಗಡೆಯದೇ ಬಿತ್ತು. ನಾನು ಗೆದ್ದವಳ ಹಾಗೆ ಎದ್ದು ಬಂದು ಆಸ್ಪತ್ರೆಗೆ ಫೋನ್ ಮಾಡಿ ಬೇಡವೆಂದುಬಿಟ್ಟೆ. ಆ ದಿನ ಪಾಯಸವನ್ನೂ ಮಾಡಿದೆ, ನಾಚಿಕೆಗೆಟ್ಟವಳು.

ಸೊಸೆ ಹರಿಪ್ರಿಯಾ ಗೊತ್ತಲ್ಲ, ಹುಟ್ಟಿ ಬೆಳೆದದ್ದೆಲ್ಲ ಈ ಊರಿನಲ್ಲೇ, ಮಾತಾಡಿದರೆ ಅರ್ಧ ಕನ್ನಡ, ಅರ್ಧ ತಮಿಳು. ಪಾಯಸದ ಲೋಟ ಹಿಡಿದು ದೇವರ ಕೋಣೆಯ ಬಾಗಿಲಲ್ಲಿ ನಿಂತು, ಒಮ್ಮೆ ಪಟ ನೋಡಿದಳು, ಒಮ್ಮೆ ಮೇಲೆ ನೋಡಿದಳು. ‘ಅಮ್ಮಾ, ಫ್ಯಾನ್ ಸ್ಪೀಡು ನಾಲ್ಕರಲ್ಲಿದೆ. ಆ ಕಡೆ ಹೂವು ಎಪ್ಪಡಿ ನಿಲ್ಲತ್ತೆ?’ ಅಂದಳು. ಮೆತ್ತಗೇ ಅಂದಳು, ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ರಾಯರ ಮೇಲೆ ನಂಬಿಕೆಯಿಲ್ಲವೇ ಎಂದು ಅವಳನ್ನೇ ಬೈದೆ. ನಂಬಿಕೆಯಿಲ್ಲದವಳು ಯಾರು ಎಂದು ನನಗೆ ಗೊತ್ತಿತ್ತು ಅಕ್ಕಾ. ಫ್ಯಾನು ತಿರುಗುತ್ತಿದ್ದುದೂ ಗೊತ್ತಿತ್ತು. ಎಡಗಡೆಯ ಹೂವನ್ನು ಚೌಕಟ್ಟಿನ ತುದಿಗೆ ಇಟ್ಟವಳೂ ನಾನೇ.

ಮರುದಿನ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಹೂವುಗಳನ್ನು ನೆಟ್ಟಗಿಟ್ಟು ಕುಳಿತೆ. ಈ ಊರಿನ ಮೇ ತಿಂಗಳಲ್ಲಿ ಫ್ಯಾನಿಲ್ಲದೆ ಕುಳಿತರೆ ಅದೇ ಒಂದು ತಪಸ್ಸು. ಒಂದು ಗಂಟೆಯಾಯಿತು, ಎರಡಾಯಿತು. ಎಡಗಡೆಯದೂ ಬೀಳಲಿಲ್ಲ, ಬಲಗಡೆಯದೂ ಇಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಅಳು. ಅತ್ತು ಮುಗಿದ ಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ, ಸುಮ್ಮನೆ ಕುಳಿತೆ. ಐವತ್ತು ವರ್ಷದಿಂದ ರಾಯರ ಮುಂದೆ ಕುಳಿತದ್ದೆಲ್ಲ ಅರ್ಜಿ ಹಿಡಿದೇ. ಗಂಡನ ಕೆಲಸ, ಮಗನ ಮದುವೆ, ಗ್ಯಾಸ್ ಸಿಲಿಂಡರ್ ಕೂಡ. ಏನೂ ಕೇಳದೆ ಕುಳಿತದ್ದು ಅದೇ ಮೊದಲು. ಬೆವರು ಸುರಿಯುತ್ತಿತ್ತು, ಮನಸ್ಸು ಮಾತ್ರ ತಣ್ಣಗಿತ್ತು. ಉತ್ತರ ಸಿಗದಿದ್ದರೂ ಆಪರೇಷನ್ನಿಗೆ ಹೋಗಬಹುದು, ರಾಯರು ಜೊತೆಯಲ್ಲಿದ್ದಾರೆ ಎನಿಸಿತು. ಎದ್ದು ಬಂದು ನಾನೇ ಆಸ್ಪತ್ರೆಗೆ ಫೋನ್ ಮಾಡಿದೆ. ಆಮೇಲೆ ಹರಿಪ್ರಿಯಾಗೆ ಕಾಫಿ ಕೊಟ್ಟು ತಪ್ಪಾಯಿತು ಎಂದೆ. ಅವಳು ಫ್ಯಾನು ಹಾಕಿದಳು.

ಆಪರೇಷನ್ ದಿನ ಇನ್ನೂ ಗೊತ್ತಾಗಿಲ್ಲ, ನೀನು ಚಿಂತೆ ಹಚ್ಚಿಕೊಳ್ಳಬೇಡ. ಭಾವನವರಿಗೆ ನಮಸ್ಕಾರ ಹೇಳು. ರಾಯರು ನಿಮ್ಮಿಬ್ಬರನ್ನೂ ತಂಪಾಗಿಟ್ಟಿರಲಿ.

ನಿನ್ನ ತಂಗಿ,
ಜಾನಕಿ

ಮತ್ತೆ: ಅಂಟಿಸಿದ ಕವರನ್ನು ಬಿಡಿಸಿ ಬರೆಯುತ್ತಿದ್ದೇನೆ. ದಿನ ಗೊತ್ತಾಗಿಲ್ಲ ಎಂದದ್ದು ಸುಳ್ಳು. ಮುಂದಿನ ಗುರುವಾರ, ಇಪ್ಪತ್ತೆರಡನೇ ತಾರೀಖು. ರಾಯರ ವಾರವೇ ಬಂತು ಎಂದು ನಮ್ಮವರು ಹಿಗ್ಗುತ್ತಿದ್ದಾರೆ. ನಾನು ಗುರುತು ಹುಡುಕುವುದನ್ನು ಬಿಟ್ಟಿದ್ದೇನೆ. ಧೈರ್ಯವಿದೆ ಅಕ್ಕಾ, ಆದರೂ ಭಯವಾಗುತ್ತದೆ. ಒಳಗೆ ಕರೆದುಕೊಂಡು ಹೋದ ಮೇಲೆ ರಾಯರು ನೋಡಿಕೊಳ್ಳುತ್ತಾರೆ, ಆ ಬಾಗಿಲಿನವರೆಗೆ ನನ್ನ ಕೈ ಹಿಡಿದುಕೊಳ್ಳುವುದಕ್ಕೆ ನೀನು ಬೇಕು. ಬರಲೋ ಬೇಡವೋ ಎಂದು ಹೂವಿಟ್ಟು ಕೂರಬೇಡ. ರೈಲು ಹತ್ತು.