ಉಳಿದ ಅರ್ಧ ದಾಡಿ

ರಾಯಬಾಗ, ಗುರುವಾರ

ಬಾಳಾಸಾಬ ಕಾಕಾರಿಗೆ ಕಟಿಂಗ್ ಅಂಗಡಿ ದಸ್ತಗೀರನ ನಮಸ್ಕಾರ್ರಿ.

ನಿನ್ನೆ ಹೆಂಗಸರ ಫ್ರೀ ಬಸ್ಸಿನ ಮಾತಿಗೆ ಸಿಟ್ಟಿಗೆದ್ದು, ಅರ್ಧ ದಾಡಿಗೇ ಕುರ್ಚಿ ಬಿಟ್ಟು ಹೋದ್ರಿ. ಕೊರಳಾಗಿನ ನನ್ನ ಟಾವೆಲ್ಲೂ ನಿಮ್ಮ ಸಂಗಾಟ ಹೋತು. ಫ್ರೀ ಬಸ್ ಛಲೋ ಅಂತ ನಾ ಈಗೂ ಅಂತೀನ್ರಿ. ನಿಮ್ಮ ಮನಿಯವರು, ನಮ್ಮ ಕಾಕೂ, ಅದರಾಗ ವಾರಕ್ಕೊಮ್ಮೆ ತವರಿಗೆ ಹೋಗತಾರ, ಚಾ ನೀವ ಮಾಡ್ಕೋಬೇಕಾಗೇತಿ. ಅದು ಸರಕಾರದ ತಪ್ಪಲ್ರಿ.

ಇವತ್ತ ಮುಂಜಾನೆ ಬಸ್ ಸ್ಟ್ಯಾಂಡಿನ ಕಟಿಂಗ್ ಅಂಗಡಿಗೆ ಹೋಗಿದ್ರಂತ. ಒಬ್ಬರು ಬ್ಲೇಡ ಹಚ್ಚಿದ ದಾಡಿ ಇನ್ನೊಬ್ಬರು ಮುಟ್ಟಂಗಿಲ್ಲ, ಅದು ನಮ್ಮ ಕಟಿಂಗ್ ಮಾಡೋರ ಪದ್ಧತಿ. ವಾಪಸ್ ಕಳಿಸಿದ್ದಕ್ಕ ಅವರ ಮ್ಯಾಲೂ ಸಿಟ್ಟಾಗಬ್ಯಾಡ್ರಿ.

ನಾಳೆ ನಿಮ್ಮ ಮಗಳು ರಾಜೇಶ್ವರಿನ್ನ ನೋಡಾಕ ಅಥಣಿಯಿಂದ ಗಂಡಿನವರು ಬರತಾರ. ಮುಖಕ್ಕ ನನ್ನ ಟಾವೆಲ್ ಸುತ್ಕೊಂಡು ಹಲ್ಲುನೋವು ಅಂದ್ರ ಅವರು ನಂಬ್ತಾರೇನ್ರಿ?

ಸಂಜಿಕ ಬರ್ರಿ. ಎರಡೂ ಗಲ್ಲ ಸಮ ಆಗೂತನಕ ನಾ ಬಾಯಿ ತೆರೆಯಂಗಿಲ್ಲ. ಆಮ್ಯಾಲ ಜಗಳ ನಿನ್ನೆ ಬಿಟ್ಟಲ್ಲಿಂದನ ಸುರು ಮಾಡೂಣು. ಯಾಕಂದ್ರ ಕುತ್ತಿಗಿ ಮ್ಯಾಲ ಬ್ಲೇಡ ಇದ್ದಾಗ ಎಲ್ಲಾರೂ ನನ್ನ ಮಾತಿಗೆ ಹೂಂ ಅಂತಾರ್ರಿ. ಹಂಗಲ್ಲೋ ದಸ್ತಗೀರ ಅನ್ನಾಕ ಈ ಊರಾಗ ನೀವೊಬ್ರ ಅದೀರಿ.

ನಿಮ್ಮ ದಾರಿ ಕಾಯಾಕತ್ತಿರೋ
ದಸ್ತಗೀರ